ಯುದ್ಧವಿಮಾನದ ಹಿಂದಿನ ಸೀಟು

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಒಂದು ಪುಕ್ಕಟೆ ಸೀಟು. ಎರಡನೇ ಮಹಾಯುದ್ಧದ ಕಾಲದ ಹಳದಿ ವಿಮಾನವೊಂದನ್ನು ಯಾರೋ ಹವ್ಯಾಸಿಗಳು ರಿಪೇರಿ ಮಾಡಿ ನಾಸಿಕಕ್ಕೆ ತಂದಿದ್ದರು. ಮುಂದೆ ಪೈಲಟ್, ಹಿಂದೆ ಒಬ್ಬ ಪ್ರಯಾಣಿಕ. ದುಡ್ಡು ಕೊಟ್ಟವರಿಗೆ ಊರ ಮೇಲೆ ಒಂದು ಸುತ್ತು. ಆ ಹವ್ಯಾಸಿಗಳ ಖಾತೆ ರಘೋತ್ತಮರಾಯರು ಕೆಲಸ ಮಾಡುವ ಬ್ಯಾಂಕಿನಲ್ಲಿತ್ತು. ಹಾಗಾಗಿ ಒಂದು ಸೀಟನ್ನು ಬ್ಯಾಂಕಿಗೆ ಉಡುಗೊರೆಯಾಗಿ ಕೊಟ್ಟರು.

ಶುಕ್ರವಾರ ಚಹದ ಹೊತ್ತಿಗೆ ಮ್ಯಾನೇಜರ್ ಪ್ರಾಚಿ ಮೇಡಂ "ಯಾರು ಹೋಗ್ತೀರಿ?" ಎಂದು ಕೇಳಿದ್ದೇ ತಡ, ಎಲ್ಲರಿಗೂ ಒಮ್ಮೆಲೇ ಸಂಸಾರದ ನೆನಪು ಉಕ್ಕಿ ಬಂತು. ಒಬ್ಬನಿಗೆ ಹಸುಗೂಸು, ಒಬ್ಬಳಿಗೆ ಅತ್ತೆ, ಇನ್ನೊಬ್ಬನಿಗೆ ನಿಶ್ಚಿತಾರ್ಥ. ಕಡೆಗೆ ಎಲ್ಲರ ಕಣ್ಣೂ ಕ್ಯಾಶ್ ವಿಭಾಗದ ಮೂಲೆಯಲ್ಲಿ ಬಿಸ್ಕೀಟು ಅದ್ದುತ್ತಿದ್ದ ರಾಯರ ಮೇಲೆ ಬಿದ್ದವು.

"ಸರ್, ತುಮ್ಹೀ ಜಾ ನಾ! ನೀವೇ ಹೋಗಿ. ನಿಮಗೇನು, ಒಬ್ಬರೇ ಇರೋದು!" ಎಂದರು ಮೇಡಂ.

ಮೇಡಂ ಪ್ರೀತಿಯಿಂದಲೇ ಹೇಳಿದರು, ಸುಳ್ಳು ಯಾಕೆ ಹೇಳಬೇಕು? ಆದರೆ ರಾಯರ ಬಿಸ್ಕೀಟು ಮುರಿದು ಚಹದಲ್ಲಿ ಮುಳುಗಿತು. ವರ್ಗವಾಗಿ ನಾಸಿಕಕ್ಕೆ ಬಂದು ಮೂರು ವರ್ಷ. ಹೆಂಡತಿ ವಸುಧಾ ಧಾರವಾಡದಲ್ಲಿ ಸ್ಕೂಲ್ ಟೀಚರು, ಮಗ ಉತ್ಕರ್ಷನಿಗೆ ಹನ್ನೆರಡನೇ ಕ್ಲಾಸು. ಇಲ್ಲಿ ರಾಯರಿಗೆ ಗೊತ್ತಿದ್ದವರು ನೂರಾರು ಮಂದಿ. ಆದರೆ ಕೂತು ಮಾತಾಡುವವರು ಅಂದರೆ ಒಂದು ನರಪಿಳ್ಳೆಯೂ ಇರಲಿಲ್ಲ.

ರಾತ್ರಿ ವಸುಧಾಗೆ ಫೋನ್ ಮಾಡಿದರು. "ಏನಂತೀ, ನಾಳೆ ನಾ ಯುದ್ಧವಿಮಾನದಾಗ..."

"ಹಾಂ ಹಾಂ, ಆಮ್ಯಾಲೆ ಹೇಳ್ರಿ. ಕುಕ್ಕರ ಕೂಗ್ಲಿಕ್ಕತ್ತದ," ಎಂದಳು ವಸುಧಾ. ಆ ಕುಕ್ಕರು ಮೂರು ವರ್ಷದಿಂದ ಕೂಗುತ್ತಲೇ ಇತ್ತು.

ಪಕ್ಕದ ಮನೆಯ ಸೋಲಾಪುರದ ಅಂಬುಜಾಬಾಯಿ ಮಾತ್ರ ಸುದ್ದಿ ಕೇಳಿ ಬಾಗಿಲಿಗೇ ಬಂದರು. "ಹಳೀ ವಿಮಾನ ಅಂತಲ್ರೀ ಭಾವೂ! ಇನ್ಶೂರನ್ಸ್ ಮಾಡಿಸೀರಿ ಹೌದಲ್ಲೋ? ನಾಮಿನಿ ಯಾರು ಹಾಕೀರಿ?" ಎಂದು ವಿಚಾರಿಸಿ, ರಾಯರ ಹಣೆಗೆ ದೇವರ ಬೂದಿ, ಅಂಗಾರ ಹಚ್ಚಿ ಹೋದರು.

ಬೆಳಿಗ್ಗೆ ಹೋಟೆಲಿನ ಕಿಟ್ಟಣ್ಣನದು ಇನ್ನೊಂದು ರಾಗ. ಉಡುಪಿ ಕಡೆಯವನು, ಗಲ್ಲಾ ಬಿಟ್ಟು ಎದ್ದವನಲ್ಲ. "ಅಯ್ಯೋ ಮಾರಾಯ್ರೆ, ನನ್ನ ಅಜ್ಜನಿಗಿಂತ ಹಳೇ ವಿಮಾನ ಅದು. ಅದರಲ್ಲಿ ಕೂತವರು ಇಳಿಯುದುಂಟಾ? ಬನ್ಸ್ ಎರಡೇ ಸಾಕು, ಮೇಲೆ ಹೋಗಿ ಕಷ್ಟ ಆಗ್ಬಾರ್ದು," ಎಂದ.

ರಾಯರು ನಾಲ್ಕು ಬನ್ಸ್ ತಿಂದರು. ಇಸ್ತ್ರಿ ಪ್ಯಾಂಟು, ಕೊರಳಲ್ಲಿ ಬ್ಯಾಂಕಿನ ಗುರುತಿನ ಚೀಟಿ. ಬೆಳಿಗ್ಗೆ ಹಾರಿ, ಇಳಿದು, ಸೀದಾ ಡ್ಯೂಟಿಗೆ ಹೋಗುವ ಲೆಕ್ಕ. ಸೋಮವಾರದಿಂದ ಚಹದ ಹೊತ್ತಿಗೆ ತಾನೂ ಹೇಳಬಹುದಾದ ಒಂದು ಕತೆ ಇರುತ್ತದೆ, "ಆಮೇಲೇನಾಯ್ತು ಸರ್?" ಎಂದು ಒಬ್ಬರಾದರೂ ಕೇಳುತ್ತಾರೆ. ಅವರಿಗೆ ಬೇಕಾದದ್ದು ಅಷ್ಟೇ ಆಗಿತ್ತು. ವಿಮಾನ ಬರೀ ನೆಪ.

ಆದರೆ ವಿಮಾನಕ್ಕೆ ತನ್ನದೇ ಒಂದು ಮರ್ಜಿ ಇತ್ತು. ಬೆಳ್ಳಂಬೆಳಿಗ್ಗೆ ಏಳಬೇಕಾದದ್ದು ಬಿಸಿಲೇರಿದರೂ ಕೆಮ್ಮುತ್ತ ನಿಂತಿತ್ತು. ಮೆಕ್ಯಾನಿಕ್ಕು ಅದರ ಮೂಗಿನೊಳಗೆ ಕೈ ಹಾಕಿ ಏನೋ ತಿರುವಿದ ಮೇಲೆ ಭುಸ್ಸೆಂದು ಹೊಗೆ ಬಿಟ್ಟು ಎದ್ದಿತು. ರಾಯರನ್ನು ಹಿಂದಿನ ಸೀಟಿಗೆ ತುರುಕಿ, ಪಟ್ಟಿ ಬಿಗಿದು, ಫೋನ್ ಬಂದ್ ಮಾಡಿಸಿ, ತಲೆಗೆ ಹೆಡ್‌ಫೋನು ಹಾಕಿದರು. ಪೈಲಟ್ ರೋಷನ್ ಹಿಂದಿಯಲ್ಲಿ ಹೇಳಿದ: "ಅಂಕಲ್, ನಿಮ್ಮ ಮೈಕು ಕೆಟ್ಟಿದೆ. ನನ್ನ ಮಾತು ನಿಮಗೆ ಕೇಳುತ್ತೆ, ನಿಮ್ಮದು ನನಗೆ ಕೇಳಲ್ಲ. ಪರವಾಗಿಲ್ಲ ಅಲ್ವಾ?"

"ನನಗ ರೂಢಿ ಅದ," ಎಂದರು ರಾಯರು. ಅದೂ ಅವನಿಗೆ ಕೇಳಲಿಲ್ಲ.

ವಿಮಾನ ನೆಲ ಬಿಟ್ಟಾಗ ನಾಲ್ಕೂ ಬನ್ಸ್ ಗಂಟಲಿಗೆ ಬಂದವು. ಆಮೇಲೆ ನೋಡಿ, ರಾಯರು ಬಾಯಿ ತೆರೆದವರು ಮುಚ್ಚಲಿಲ್ಲ. ಕೆಳಗೆ ಗೋದಾವರಿ, ಬಿಸಿಲಿಗೆ ಹೊಳೆಯುತ್ತಿತ್ತು. ದ್ರಾಕ್ಷಿ ತೋಟಗಳು ಬಾಚಣಿಗೆಯಲ್ಲಿ ಬಾಚಿಟ್ಟಂತಿದ್ದವು. ಅಗೋ ತಮ್ಮ ಬಿಲ್ಡಿಂಗು! ತಾರಸಿಯ ಮೇಲೆ ತಮ್ಮದೇ ಕೆಂಪು ಟವೆಲ್ಲು, ಒಂದೇ ಒಂದು. ಮೂರು ವರ್ಷದಲ್ಲಿ ಮೊದಲ ಸಲ ರಾಯರು ಜೋರಾಗಿ ನಕ್ಕರು. ನಕ್ಕು ಪಕ್ಕಕ್ಕೆ ತಿರುಗಿದರು; ಪಕ್ಕದಲ್ಲಿ ಗಾಜು ಬಿಟ್ಟರೆ ಯಾರೂ ಇರಲಿಲ್ಲ.

ತಿರುಗಿ ಇಳಿಯೋಣ ಎನ್ನುವಷ್ಟರಲ್ಲಿ ಇಗತಪುರಿ ಕಡೆಯಿಂದ ಕಪ್ಪು ಮೋಡ ನುಗ್ಗಿ ಬಂದು ನಾಸಿಕವನ್ನೇ ನುಂಗಿತು. "ಇಲ್ಲಿ ಇಳಿಯೋಕಾಗಲ್ಲ ಅಂಕಲ್, ಸಂಭಾಜಿನಗರಕ್ಕೆ ಹೋಗೋಣ," ಎಂದ ರೋಷನ್, ರಸ್ತೆಯಲ್ಲಿ ನಾಲ್ಕು ತಾಸಿನ ದಾರಿಯ ಆ ಊರು ಪಕ್ಕದ ಬೀದಿ ಎಂಬಂತೆ. ರಾಯರು ಬೇಡ ಎಂದು ಕೂಗಿದರು, ಡ್ಯೂಟಿ ಅದ ಎಂದು ಕೂಗಿದರು, ಮುಂದಿನ ಸೀಟಿನ ಹಿಂಬದಿಗೆ ಗುದ್ದಿದರು. ರೋಷನ್ ಹೆಬ್ಬೆರಳೆತ್ತಿ, "ಎಂಜಾಯ್ ಮಾಡ್ತಿದ್ದೀರಾ? ಗುಡ್!" ಎಂದ.

ದೇವಗಿರಿ ಕೋಟೆಯ ಸುತ್ತ ಅರ್ಧ ಸುತ್ತು ಹಾಕಿ ವಿಮಾನ ಇಳಿಯಿತು. ಅಲ್ಲಿಯ ಅಧಿಕಾರಿಗಳು ರೋಷನ್‌ನನ್ನು ವಿಚಾರಣೆಗೆ ಎಳೆದೊಯ್ದರು. ರಾಯರು ಫೋನ್ ಚಾಲೂ ಮಾಡಿದರೆ ಅಬ್ಬಬ್ಬಾ, ಫೋನು ಕಂಪಿಸಿದ್ದು ನಿಲ್ಲಲೇ ಇಲ್ಲ! ಪ್ರಾಚಿ ಮೇಡಂ, ಅಂಬುಜಾಬಾಯಿ, ಕಿಟ್ಟಣ್ಣ, ವಸುಧಾ, ಮತ್ತೆ ಮೇಡಂ, ಮತ್ತೆ ವಸುಧಾ. ಎಲ್ಲರೂ ಹತ್ತು ಹತ್ತು ಸಲ ಕರೆದಿದ್ದರು.

ರಾಯರ ಕಣ್ಣು ತುಂಬಿ ಬಂತು. ತನಗೇನೋ ಆಯಿತೆಂದು ಇಷ್ಟು ಜನ ಒದ್ದಾಡಿದರಲ್ಲ! ಒಬ್ಬನೇ ಒಬ್ಬನೇ ಎಂದು ಕೊರಗಿದ್ದಕ್ಕೆ ನಾಚಿಕೆಯಾಯಿತು. ಅಷ್ಟರಲ್ಲಿ ವಸುಧಾಳ ಫೋನೇ ಬಂತು.

"ಎಲ್ಲಿ ಹೋಗೀರಿ? ಬ್ಯಾಂಕಿನವರು ನನ್ನ ಜೀವಾ ತಿನ್ಲಿಕ್ಕತ್ತಾರ!"

"ಗಾಬರಿ ಆಗಬ್ಯಾಡ ವಸೂ, ನಾ ಆರಾಮ ಇದ್ದೀನಿ. ಮ್ಯಾಲಿಂದ ಗೋದಾವರಿ ಹೆಂಗ ಕಾಣ್ತದ ಅಂದ್ರ..."

"ಗೋದಾವರಿ ಇರ್ಲಿರೀ! ತಿಜೋರಿ ಕೀಲಿ ಎಲ್ಲದ?"

ರಾಯರು ಪ್ಯಾಂಟಿನ ಜೇಬು ಮುಟ್ಟಿ ನೋಡಿಕೊಂಡರು. ಇತ್ತು. ಬ್ಯಾಂಕಿನ ತಿಜೋರಿಗೆ ಎರಡು ಕೀಲಿ: ಒಂದು ಮ್ಯಾನೇಜರ ಹತ್ತಿರ, ಇನ್ನೊಂದು ಕ್ಯಾಶ್ ಅಧಿಕಾರಿಯ, ಅಂದರೆ ರಾಯರ ಹತ್ತಿರ. ಎರಡೂ ಸೇರದೆ ಬಾಗಿಲು ತೆರೆಯದು. ಗೌರಿ ಹಬ್ಬಕ್ಕೆ ಎರಡೇ ದಿನ. ಅಡವಿಟ್ಟ ಚಿನ್ನ ಬಿಡಿಸಿಕೊಳ್ಳಲು ಅರ್ಧ ನಾಸಿಕದ ಹೆಂಗಸರು ಬ್ಯಾಂಕಿನಲ್ಲಿ ಕೂತಿದ್ದರು.

"ಭಾವೂ, ನನ್ನ ಪಾಟ್ಲಿ ಬಳಿ ಒಳಗದಾವ! ಬರೀ ಕೈಲೆ ಗೌರಿ ಕೂಡಿಸ್ಲ್ಯಾ?" ಎಂದು ಮುಂದಿನ ಫೋನಿನಲ್ಲಿ ಅತ್ತರು ಅಂಬುಜಾಬಾಯಿ.

"ಕೀಲಿ ಹುಡುಕ್ಲಿಕ್ಕೆ ನಿಮ್ಮ ಮನೆ ಬೀಗ ಒಡೆದದ್ದು ನಾನೇ ಮಾರಾಯ್ರೆ. ಬೇಜಾರು ಮಾಡ್ಬೇಡಿ, ಹೊಸ ಬೀಗ ನಾನೇ ಹಾಕ್ಸ್ತೇನೆ," ಎಂದ ಕಿಟ್ಟಣ್ಣ.

"ಸರ್, ಚಾವೀ!" ಎಂದರು ಪ್ರಾಚಿ ಮೇಡಂ. ಅದಕ್ಕಿಂತ ಹೆಚ್ಚು ಮಾತಾಡುವ ತ್ರಾಣ ಅವರಲ್ಲಿರಲಿಲ್ಲ.

ಪ್ರತಿಯೊಬ್ಬರಿಗೂ ರಾಯರು "ಮೇಲಿಂದ..." ಎಂದು ಶುರು ಮಾಡಿದರು. ಯಾರೂ ಆ ಮಾತು ಪೂರೈಸಲು ಬಿಡಲಿಲ್ಲ.

ಸ್ವಲ್ಪ ಹೊತ್ತಿಗೆ ಸಂಭಾಜಿನಗರ ಶಾಖೆಯ ಜೀಪು ಬಂತು. ಅದರಲ್ಲಿ ಡ್ರೈವರು, ಬಂದೂಕಿನವನು, ಇಬ್ಬರು ಅಧಿಕಾರಿಗಳು. ಕೀಲಿ ಇಸಿದುಕೊಂಡು, ಮುತ್ತಿನ ಹಾರವನ್ನು ಇಟ್ಟಂತೆ ಡಬ್ಬಿಯಲ್ಲಿಟ್ಟು ನಾಸಿಕಕ್ಕೆ ಹೊರಟೇಬಿಟ್ಟರು.

"ನಾನೂ ಬರ್ತೀನ್ರಿ," ಎಂದರು ರಾಯರು.

"ಜಾಗ ಇಲ್ಲ ಸರ್. ಕೀಲಿ ತರೋಕೆ ಮಾತ್ರ ಹೇಳಿದ್ದಾರೆ."

ಜೀಪು ಹೋಯಿತು. ರಾಯರು ಬೆಂಚಿನ ಮೇಲೆ ಕುಸಿದರು. ಅಷ್ಟು ಫೋನುಗಳಲ್ಲಿ ಒಂದೂ ತನ್ನ ಸಲುವಾಗಿ ಬಂದದ್ದಲ್ಲ ಎಂಬುದು ಎದೆಗೆ ನಾಟಿತು. ಆಗಲೇ ಮತ್ತೆ ಫೋನು. ಈ ಸಲ ವಲಯ ಕಚೇರಿಯ ದೊಡ್ಡ ಸಾಹೇಬರು, ಬಾಗಲಕೋಟೆಯ ಮಲ್ಲಿನಾಥ. ರಾಯರು ಎದ್ದು ನಿಂತು, "ತಪ್ಪಾತ್ರಿ ಸರ್," ಎಂದರು.

"ತಪ್ಪು ಇರ್ಲಿ. ಮೊದಲಿಂದ ಹೇಳ್ರಿ. ಏನೇನಾತು, ಪೂರಾ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ರಾಯರಿಗೆ ತಮ್ಮ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. ಚಹದಲ್ಲಿ ಮುಳುಗಿದ ಬಿಸ್ಕೀಟಿನಿಂದ ಶುರು ಮಾಡಿದರು. ಬನ್ಸು ಬಂತು, ಕೆಟ್ಟ ಮೈಕು ಬಂತು, ಗೋದಾವರಿ ಬಂತು. ಒಂಟಿ ಟವೆಲ್ಲಿನ ಹತ್ತಿರ ಅವರ ದನಿ ಒಡೆಯಿತು.

"ಹೂಂ, ಆಮ್ಯಾಲೆ?" ಎಂದರು ಸಾಹೇಬರು.

ಆಹಾ, ಆ "ಆಮ್ಯಾಲೆ" ಎಷ್ಟು ತಂಪಾಗಿತ್ತು! ರಾಯರು ಮೋಡ ಹೇಳಿದರು, ಕೋಟೆ ಹೇಳಿದರು, ಕೈ ಆಡಿಸಿ ಆಡಿಸಿ ಹೇಳಿದರು. ಸಾಹೇಬರು ಒಮ್ಮೆಯೂ ನಡುವೆ ಬಾಯಿ ಹಾಕಲಿಲ್ಲ.

"ನೀವು ಇಷ್ಟು ಕೇಳಿದ್ರಲ್ಲ ಸರ್, ನನ್ನ ಜನ್ಮ ಸಾರ್ಥಕ ಆತು," ಎಂದರು ರಾಯರು, ಕಣ್ಣೊರೆಸಿಕೊಳ್ಳುತ್ತ.

"ಕೇಳಾಕ ಬೇಕಲ್ರೀ. ಶಿಕ್ಷಾ ಕೊಡೂಕಿಂತ ಮೊದಲ ನೌಕರನ ಮಾತು ಪೂರಾ ಕೇಳಬೇಕಂತ ರೂಲ್ ಐತಿ. ಕೇಳಿದ್ದಾತು. ಇನ್ನ ನಿಮ್ಮ ಕೈಯಾಗ ಕೀಲಿ ಕೊಡೂದು ಸಾಧ್ಯ ಇಲ್ಲ. ಸೋಮವಾರದಿಂದ ಸಂಭಾಜಿನಗರದಾಗ ಗ್ರಾಹಕರ ದೂರಿನ ಕೌಂಟರ್‌ಗೆ ಕೂಡ್ರಿ. ಮುಂಜಾನಿಂದ ಸಂಜೀತನಕ ಮಂದಿ ಹೇಳ್ತಾರ, ನೀವು ಕೇಳಬೇಕು. ತಿರುಗಿ ಮಾತಾಡಂಗಿಲ್ಲ. ಹೆಂಗೂ ಅಲ್ಲೇ ಇದ್ದೀರಿ, ಒಂದು ರೂಮು ನೋಡಿಕೊಳ್ರಿ."

ರಾಯರು ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಆಮೇಲೆ ಮೆಲ್ಲಗೆ, "ಸರ್, ಇನ್ನೂ ಸ್ವಲ್ಪ ಉಳದದರಿ. ವಿಮಾನ ಇಳದದ್ದು ಹೇಳಿಲ್ಲ," ಎಂದರು.

"ರೂಲ್ ಪ್ರಕಾರ ಸಾಕಷ್ಟು ಕೇಳೀನ್ರಿ," ಎಂದು ಸಾಹೇಬರು ಫೋನಿಟ್ಟರು.

ರಾಯರು ಮಾತ್ರ ಫೋನನ್ನು ಕಿವಿಯಿಂದ ತೆಗೆಯಲಿಲ್ಲ. ಖಾಲಿ ಬೆಂಚಿನ ಮೇಲೆ ಕೂತು, ಚಕ್ರ ನೆಲಕ್ಕೆ ತಾಗಿದ್ದರಿಂದ ಹಿಡಿದು ಎಂಜಿನ್ ನಿಂತ ತನಕ, ಒಂದೂ ಬಿಡದೆ ಹೇಳಿ ಮುಗಿಸಿದರು.