ಹನ್ನೆರಡು ಕುಂಡಗಳ ಮೇಲೆ ನನ್ನ ಪಟ್ಟಾಭಿಷೇಕ

ಚೌಕಾಸಿಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ ಎಂದು ಆ ಭಾನುವಾರ ಮಧ್ಯಾಹ್ನ ಮೂರು ಗಂಟೆಯವರೆಗೂ ನಾನು ನಂಬಿದ್ದೆ.

ನನ್ನ ಹೆಂಡತಿ ಕೇಳಿದ್ದು ಒಂದೇ ಒಂದು ಕುಂಡ. ಮೂರು ವರ್ಷದ ಹಿಂದೆ ಬೀಜ ಊರಿ, ಮಗುವಿನಂತೆ ಸಾಕಿದ್ದ ಅವಳ ನಿಂಬೆಗಿಡ ಹಳೇ ಪೇಂಟ್ ಬಕೆಟ್ಟಿನಲ್ಲಿತ್ತು. ಈಗ ಗಿಡ ಮೊದಲ ಸಲ ಮೊಗ್ಗು ಬಿಟ್ಟಿತ್ತು, ಬಕೆಟ್ಟು ಬಿರುಕು ಬಿಟ್ಟಿತ್ತು.

"ರೀ, ಬೇರು ಹೊರಗೆ ಬಂದಿದೆ. ಇವತ್ತೇ ಬದಲಾಯಿಸದಿದ್ರೆ ಗಿಡ ಸತ್ತೇ ಹೋಗುತ್ತೆ. ಒಂದು ಕುಂಡ ತಂದುಬಿಡಿ."

"ಒಂದಾ? ನಾನೇನು ಚಿಲ್ಲರೆ ಗಿರಾಕಿನಾ? ನೇರ ಕಾರ್ಖಾನೆಗೇ ಹೋಗ್ತೀನಿ. ಸಗಟು ದರಕ್ಕೆ ತರ್ತೀನಿ, ನೋಡ್ತಾ ಇರು!"

"ನಮ್ಮನೇಲಿರೋದು ಒಂದೇ ಗಿಡ ಕಣ್ರೀ."

"ಗಿಡ ಯಾವಾಗ ಬೇಕಾದ್ರೂ ಹುಟ್ಟುತ್ತೆ. ಡಿಸ್ಕೌಂಟು ಹುಟ್ಟುತ್ತಾ?"

ಪ್ಲಾಸ್ಟಿಕ್ ಕುಂಡಗಳ ಆ ಕಾರ್ಖಾನೆಯ ಮಾಲೀಕರು ಕಿವಿಗೆ ಪೆನ್ನು ಸಿಕ್ಕಿಸಿಕೊಂಡು ಕೂತಿದ್ದರು. ಹನ್ನೆರಡು ತೆಗೆದುಕೊಂಡರೆ ನೂರಕ್ಕೆ ಹತ್ತು ಬಿಡುತ್ತೇನೆಂದರು. ನಾನು ಎದ್ದು ಗೇಟಿನ ಕಡೆ ನಡೆದೆ. ಕರೆದರು, ನೂರಕ್ಕೆ ಹನ್ನೆರಡಾಯಿತು. ಮತ್ತೆ ನಡೆದೆ. ಮತ್ತೆ ಕರೆದರು, ಹದಿನೈದಾಯಿತು! ಮೂರನೇ ಸಲ ಗೇಟು ದಾಟಿ ರಸ್ತೆಯಲ್ಲಿ ಐದು ನಿಮಿಷ ನಿಂತರೂ ಯಾರೂ ಕರೆಯಲಿಲ್ಲ. ನಾನಾಗಿಯೇ ಒಳಗೆ ಬಂದೆ.

ಆದರೂ ಬಿಲ್ಲನ್ನು ಬಿಡಲಿಲ್ಲ. "ಇದೇನ್ರೀ, ರಟ್ಟಿಗೆ ಬೇರೆ ದುಡ್ಡು?"

"ಒಂದರೊಳಗೆ ಒಂದು ಇಡ್ತೀವಲ್ಲ ಸಾರ್, ಕಚ್ಕೋಬಾರದು ಅಂತ ಮಧ್ಯೆ ರಟ್ಟು ಹಾಕ್ತೀವಿ."

"ನಾನು ಕೊಳ್ತಿರೋದು ಕುಂಡ, ರಟ್ಟಲ್ಲ. ತೆಗೀರಿ!"

"ಸಾರ್, ಆಮೇಲೆ..."

"ಆಮೇಲಿಂದು ಆಮೇಲೆ! ಹಗ್ಗ ಕಟ್ಟೋ ಕೂಲೀನೂ ತೆಗೀರಿ. ನಾನೇ ಹಿಡ್ಕೊಂಡು ಹೋಗ್ತೀನಿ."

ಮಾಲೀಕರು ನನ್ನನ್ನು ಒಮ್ಮೆ ನೋಡಿ, ಎರಡನ್ನೂ ಹೊಡೆದು ಹಾಕಿದರು. ದಿಗ್ವಿಜಯ!

ಗೂಡ್ಸ್ ಆಟೋದ ಹಿಂಬದಿಯಲ್ಲಿ ಹನ್ನೆರಡೂ ಕುಂಡಗಳು ಒಂದರೊಳಗೊಂದು ನನ್ನ ಸೊಂಟದೆತ್ತರ ನಿಂತವು. ಹೊರಟ ಕೂಡಲೇ ವಾಲತೊಡಗಿದವು. ಹಿಡಿಯಲು ಹಗ್ಗವಿಲ್ಲ. ಮೇಲೊಂದು ಹಲಗೆ ಹಾಕಿ, ಹತ್ತಿ ಕೂತೇಬಿಟ್ಟೆ! ನನ್ನ ತೂಕ ತೊಂಬತ್ತೆರಡು ಕೆಜಿ. ದಾರಿಯುದ್ದಕ್ಕೂ ಹಂಪುಗಳು. ಪ್ರತಿ ಹಂಪಿಗೂ ನಾನು ಗೇಣುದ್ದ ಹಾರಿ ಧೊಪ್ಪೆಂದು ಸಿಂಹಾಸನಕ್ಕೆ ಮರಳುತ್ತಿದ್ದೆ. ಹೊರಟಾಗ ನೇತಾಡುತ್ತಿದ್ದ ಕಾಲುಗಳು ಮನೆ ಹತ್ತಿರ ಬರುವಷ್ಟರಲ್ಲಿ ನೆಲ ಮುಟ್ಟಿದ್ದವು. ಆಸನ ಹದಕ್ಕೆ ಬಂತು ಎಂದುಕೊಂಡೆ, ದಡ್ಡ ನಾನು!

ಮನೆಯಲ್ಲಿ ಮೇಲಿನ ಕುಂಡ ಹಿಡಿದು ಎಳೆದೆ. ಹನ್ನೆರಡೂ ಎದ್ದು ಬಂದವು. ಹೆಂಡತಿ ಕೆಳಗಿನದನ್ನು ಹಿಡಿದಳು, ನಾನು ಮೇಲಿನದನ್ನು. ಎಳೆದೆವು, ತಿರುಚಿದೆವು, ಸೋಪಿನ ನೀರು ಹೊಯ್ದೆವು. ಜಪ್ಪಯ್ಯ ಅಂದರೂ ಜಗ್ಗಲಿಲ್ಲ. ಮಾಲೀಕರಿಗೆ ಫೋನು ಮಾಡಿದೆ.

"ರಟ್ಟು ಹಾಕಿದ್ರಾ ಸಾರ್?" ಎಂದರು ಬಲು ಮೃದುವಾಗಿ.

ಸಿಟ್ಟು ನೆತ್ತಿಗೇರಿತು. ಗೋಡೆಗೆ ಕಾಲು ಕೊಟ್ಟು, ಉಸಿರು ಬಿಗಿಹಿಡಿದು ಜಗ್ಗಿದೆ. ಸೋಪಿನ ಕೈ ಜಾರಿತು. ನಾನು ಹಿಮ್ಮುಖವಾಗಿ ಹೋಗಿ ಕೂತಿದ್ದು ನೇರ ಪೇಂಟ್ ಬಕೆಟ್ಟಿನ ಅಂಚಿನ ಮೇಲೆ! ಬಕೆಟ್ಟು ಎರಡು ಹೋಳು. ನಿಂಬೆಗಿಡ ಬೇರು ಬಿಟ್ಟುಕೊಂಡು ನೆಲದ ಮೇಲೆ ಮಲಗಿತ್ತು.

ಹೆಂಡತಿ ಗಿಡವನ್ನು ಎರಡೂ ಕೈಯಲ್ಲಿ ಎತ್ತಿ, ಹನ್ನೆರಡರ ಪೈಕಿ ಎಲ್ಲಕ್ಕಿಂತ ಮೇಲಿದ್ದ ಕುಂಡದೊಳಗೆ ನಿಲ್ಲಿಸಿದಳು. ಮಣ್ಣು ತುಂಬಿದಳು, ನೀರು ಹಾಕಿದಳು. ಮೊಗ್ಗುಗಳನ್ನು ಬೆರಳಿಟ್ಟು ಎಣಿಸಿದಳು. ಎರಡೇ ಉದುರಿದ್ದವು. ಆಮೇಲೇ ನಾನು ಉಸಿರು ಬಿಟ್ಟಿದ್ದು.

"ತಪ್ಪಾಯ್ತು ಕಣೇ" ಎಂದೆ.

"ತಪ್ಪೇನ್ ಬಂತು?" ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ಒಂದೇ ಒಂದು ಕುಂಡ ತನ್ನಿ ಅಂದಿದ್ದೆ. ಒಂದೇ ಒಂದು ತಂದಿದ್ದೀರಿ. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಇದೇ ಮೊದಲ ಸಲ ನನ್ನ ಮಾತು ಕೇಳಿದ್ದು ನೀವು!"