ಕಾಗದಪತ್ರ ಸರಿಯಿದ್ದ ನಾಯಿ

ಕಾನೂನಿಗೆ ಹೆದರದವರ ಮನೆಯಲ್ಲಿ ನಾಲ್ಕು ನಾಯಿ ಇದ್ದರೂ ಏನೂ ಆಗುವುದಿಲ್ಲ. ಹೆದರುವವನು ಒಂದು ನಾಯಿ ತಂದರೆ ಸಾಕು, ಒಂದರ ಹಿಂದೊಂದು ತಾಪತ್ರಯ ಶುರುವಾಗುತ್ತದೆ.

ದಾಂಡೇಲಿಯ ನಮ್ಮ ಮನೆಗೆ ನಾಯಿ ಬಂದದ್ದು ಹೆಂಡತಿಯ ಆಸೆಯಿಂದ. ಗಣೇಶಗುಡಿಯಲ್ಲಿ ಹೋಂಸ್ಟೇ ನಡೆಸುತ್ತಿದ್ದವರೊಬ್ಬರು ಊರು ಬಿಡುವವರಿದ್ದರು. ಅವರ ಕಂದು ನಾಯಿ ರಾಜಾನನ್ನು ಇವಳು ಕರೆತಂದಳು. ಸಾಕಿದ ಪ್ರಾಣಿ ಯಾರಿಗಾದರೂ ಅಪಾಯ ಮಾಡಿ, ಅದರಲ್ಲಿ ನಮ್ಮ ನಿರ್ಲಕ್ಷ್ಯ ಕಂಡರೆ ಜೈಲೂ ಆಗಬಹುದೆಂದು ನಾನು ಓದಿದ್ದೆ. ಅಂದಿನಿಂದ ನಾಯಿ ಆಕಳಿಸಿದರೂ ನನಗೆ ಅದರ ಹಲ್ಲುಗಳೇ ಕಾಣುತ್ತಿದ್ದವು.

ವಾರಸುದಾರ

ನಾಯಿ ನಮ್ಮದೆನ್ನಲು ಒಂದು ಪತ್ರವಿರಲಿ ಎಂದು ಹಳಿಯಾಳಕ್ಕೆ ಹೋಗಿ, ಕೋರ್ಟಿನೆದುರು ಬಾಂಡ್ ಬರೆಯುವವರನ್ನು ಕಂಡೆ.

"ನಾಯಿಗೆ ನಮೂನಿ ಇಲ್ರಿ. ಮಕ್ಕಳನ್ನ ದತ್ತಕ ತಗೋಳೂದರದ್ದ ಐತಿ. ಅದರಾಗ ಕೂಡಿಸ್ತೇನಿ," ಎಂದರು.

ಬರೆದದ್ದನ್ನು ಓದಿದೆ. 'ಸದರಿ ರಾಜಾ ಇವನು ನಮ್ಮ ಸ್ಥಿರ, ಚರ ಆಸ್ತಿಗೆ ವಾರಸುದಾರನಾಗಿದ್ದು, ಮುಪ್ಪಿನಲ್ಲಿ ನಮ್ಮನ್ನು ಸಲಹಿ, ನಮ್ಮ ಉತ್ತರಕ್ರಿಯೆ ನೆರವೇರಿಸತಕ್ಕದ್ದು.'

"ಈ ಸಾಲು ತಗೀರಿ."

"ತಗದ್ರ ಪತ್ರ ನಿಲ್ಲೂದಿಲ್ರಿ."

ಮನೆಯಲ್ಲಿ ಹೆಂಡತಿ ಅದನ್ನು ಓದಿ, "ಇರ್ಲಿ ಬಿಡ್ರಿ. ಮಕ್ಕಳು ಬರ್ಲಿ ಬಿಡ್ಲಿ, ಇದಕ್ಕಾದ್ರೂ ಕರದ್ರ ಬರೂ ರೂಢಿ ಐತಿ," ಎಂದಳು.

ಕಿವಿ

ವಿಮೆಗೆಂದು ಸಿಕ್ಕವರು ಎಮ್ಮೆ, ಆಕಳುಗಳ ವಿಮೆ ಮಾಡಿಸುವ ಏಜೆಂಟರು. ಪ್ರಾಣಿಯನ್ನು ಖುದ್ದು ನೋಡಬೇಕೆಂಬ ನಿಯಮವಂತೆ. ರಾಜಾ ಒಮ್ಮೆ ಬೊಗಳಿದ; ಅವರು ಕಾಂಪೌಂಡಿನ ಹೊರಗೇ, ಸ್ಕೂಟರ್ ಚಾಲೂ ಇಟ್ಟುಕೊಂಡೇ ಖುದ್ದು ನೋಡಿದರು.

"ಕೋಡು ಹೆಂಗದಾವ್ರಿ?" ಎಂದು ಎಮ್ಮೆಯ ಫಾರ್ಮು ನೋಡಿ ಕೇಳಿದರು.

"ನಾಯಿಗೆ ಕೋಡು ಎಲ್ಲಿಂದ ಬರ್ತಾವ್ರಿ?"

"ಜಾಗಾ ಖಾಲಿ ಬಿಡೂ ಹಂಗಿಲ್ಲ. ಮುರದಾವ ಅಂತ ಬರೀತೇನಿ."

ನನಗೆ ಬೇಕಾದದ್ದನ್ನು ಕೇಳಿದೆ. "ಯಾರಿಗರ ಕಚ್ಚಿದ್ರ ವಿಮಾ ಬರ್ತೇತೇನ್ರಿ?"

"ಇಲ್ರಿ. ಕಚ್ಚಿದ್ರ ಅದು ನಿಮಗ. ನಾಯಿ ಸತ್ತರಷ್ಟ ನಮಗ. ಕಿವಿಗೆ ಬಿಲ್ಲೆ ಹೊಡೀತೇವಿ. ಸತ್ತ ಮ್ಯಾಲೆ ಬಿಲ್ಲೆ ಇದ್ದ ಕಿವಿ ತಂದು ತೋರಿಸ್ಬೇಕು."

"ಈ ಕಡೆ ನಾಯೀನ ಚಿರತಿ ಒಯ್ಯೂದ ಜಾಸ್ತಿ. ಅದು ಕಿವಿ ಬಿಟ್ಟು ತಿಂತೈತೇನ್ರಿ?"

"ಅದನ್ನ ನೀವ ಚಿರತಿಗೆ ಹೇಳ್ಬೇಕ್ರಿ," ಎಂದು ಸ್ಕೂಟರ್ ತಿರುಗಿಸಿದರು.

ಕೊನೆಗೂ ಕಚ್ಚಿತು

ಮೊನ್ನೆ ಸೋಮವಾರ ಬೆಳಿಗ್ಗೆ, ನಾನು ಹೆದರುತ್ತಿದ್ದ ದಿನ ಬಂದೇಬಿಟ್ಟಿತು. ಪಕ್ಕದ ಮನೆಯ ನಿವೃತ್ತ ಮಾಸ್ತರರು ನಮ್ಮ ಗೇಟಿನಲ್ಲಿ ಕಾಲು ಹಿಡಿದು ನಿಂತಿದ್ದರು. ಧೋತರ ಹರಿದು, ಮೀನಖಂಡದಿಂದ ರಕ್ತ ಇಳಿಯುತ್ತಿತ್ತು.

"ನಾಯಿ..." ಎಂದರು.

"ಏನೂ ಹೇಳಬ್ಯಾಡ್ರಿ ಮಾಸ್ತರ, ತಪ್ಪು ನಂದ," ಎಂದವನೇ ಗಾಯವನ್ನು ಸೋಪಿನಿಂದ ತೊಳೆದು, ಅವರನ್ನು ಕಾರಿನಲ್ಲಿ ಕೂರಿಸಿ ಆಸ್ಪತ್ರೆಗೆ ಹೊರಟೆ.

ದಾರಿಯಲ್ಲಿ ಅವರು, "ಅಲ್ರಿ, ನಾ ಏನ್ ಹೇಳ್ತೇನಂದ್ರ..." ಎಂದರು.

"ಪೊಲೀಸರಿಗೊಂದು ಹೇಳಬ್ಯಾಡ್ರಿ," ಎಂದು ಕೈಮುಗಿಯಲು ಸ್ಟೇರಿಂಗನ್ನೇ ಬಿಟ್ಟೆ. ಅವರು ಮಾತು ಬಿಟ್ಟು ಎರಡೂ ಕೈಯಿಂದ ಸೀಟು ಹಿಡಿದುಕೊಂಡರು.

ಡಾಕ್ಟರು ನಾಯಿ ಯಾರದೆಂದು ಕೇಳಿದಾಗ ನಾನೇ ಮುಂದೆ ಹೋಗಿ, ಸದಾ ಕಾರಿನಲ್ಲೇ ಇಟ್ಟಿರುತ್ತಿದ್ದ ರಾಜಾನ ಲಸಿಕೆ ಕಾರ್ಡು, ಪರವಾನಗಿ ಎಲ್ಲ ಹರವಿದೆ. ಅವರು ಒಂದು ಸೂಜಿ ಚುಚ್ಚಿದರು. ಯಾರೂ ಕೇಳದಿದ್ದರೂ, ತಪ್ಪು ನನ್ನದೆಂದೂ, ಗಾಯ ಮಾಯುವ ತನಕ ಮಾಸ್ತರರ ಓಡಾಟದ ಹೊಣೆ ನನ್ನದೆಂದೂ ಹಾಳೆಯಲ್ಲಿ ಬರೆದು, ಸಹಿ ಮಾಡಿ, ಅವರ ಜೇಬಿಗಿಟ್ಟೆ.

ಮನೆಗೆ ಮರಳಿದಾಗ ಹೆಂಡತಿ ರಾಜಾನ ಸರಪಳಿ ಹಿಡಿದು ಗೇಟು ತೆಗೆಯುತ್ತಿದ್ದಳು. "ಎಲ್ಲಿಗೆ ಹೋಗಿದ್ರಿ? ನಾವು ಬೆಳಕ ಹರಿಯೂದಕ್ಕ ಹೋದವರು ಕುಳಗಿ ರಸ್ತಾದಾಗ ಅಡ್ಡಾಡಿ ಈಗ ಬಂದ್ವಿ," ಎಂದಳು.

ನಾನು ಮಾಸ್ತರರ ಮುಖ ನೋಡಿದೆ. "ಮತ್ತ ಕಚ್ಚಿದ್ದು ಯಾವ ನಾಯಿ?"

"ನಮ್ಮನಿ ನಾಯಿರಿ."

"ಮೊದಲ ಹೇಳಬಾರದೇನ್ರಿ!"

"ಗಾಡಿ ತಗೀತೀರೇನು ಅಂತ ಕೇಳಾಕಷ್ಟ ಬಂದಿದ್ದೆ. ನೀವು ಬಾಯಿ ತಗಿಯಾಕ ಬಿಡಲಿಲ್ಲ. ಆಮ್ಯಾಲೆ ವಿಚಾರ ಮಾಡಿದೆ. ನಮ್ಮ ನಾಯಿಗೆ ಒಂದು ಕಾಗದ ಇಲ್ಲ, ನಿಮ್ಮದಕ್ಕ ಎಲ್ಲಾ ಬರೋಬರಿ ಅದಾವು. ನಿಮ್ಮದ ಕಚ್ಚೇತಿ ಅಂದ್ರ ಇಬ್ಬರಿಗೂ ಚಲೋ ಅನಸ್ತು."

ಇಳಿಯುತ್ತ ಜೇಬು ಮುಟ್ಟಿ ನೋಡಿಕೊಂಡರು.

"ಇನ್ನೂ ಮೂರು ಸೂಜಿ ಅದಾವಂತ್ರಿ. ಗುರುವಾರ ಗಾಡಿ ಎಷ್ಟ ಗಂಟೆಕ್ಕ ತಗೀತೀರಿ?"