ಹೆಂಡತಿಯ ಕಾದಂಬರಿಗೆ ನನ್ನ ಮುಖ

ನನ್ನ ಹೆಂಡತಿ ಕಾದಂಬರಿ ಬರೆದದ್ದಕ್ಕೆ ನನಗೆ ಹೊಟ್ಟೆಕಿಚ್ಚಿಲ್ಲ. ಅದನ್ನು ಇ-ಪುಸ್ತಕ ಮಾಡಿ ಲೋಕಾರ್ಪಣೆ ಮಾಡುತ್ತೇನೆಂದಾಗ ‘ಧಾರಾಳವಾಗಿ ಮಾಡು’ ಎಂದ ಉದಾರಿ ನಾನು. ನನ್ನ ಹೊಟ್ಟೆಗೆ ಬೆಂಕಿ ಬಿದ್ದದ್ದು ಅದರ ನಾಲ್ಕನೇ ಪುಟದಲ್ಲಿ. ಅಲ್ಲೊಬ್ಬ ಗಂಡಸು ಬರುತ್ತಾನೆ. ಬಸ್ ನಿಲ್ದಾಣದ ಬೆಂಚಿನ ಮೇಲೆ ಕೂತು, ಕನ್ನಡಕ ಒರೆಸಿಕೊಳ್ಳುತ್ತಾ, ನಾಯಕಿ ಹೇಳುವುದನ್ನೆಲ್ಲ ಕೇಳುತ್ತಾನೆ. ಬರೀ ಕೇಳುತ್ತಾನೆ! ಎರಡನೇ ಅಧ್ಯಾಯದಲ್ಲೂ ಅದೇ ಕೆಲಸ. ಮೂರನೆಯದರಲ್ಲಿ ಆಕೆ ತನ್ನ ಬಾಲ್ಯದಿಂದ ಶುರುಮಾಡಿ ಹನ್ನೊಂದು ಪುಟ ಮಾತಾಡಿದರೂ ಆ ಮಹಾನುಭಾವ ಒಮ್ಮೆಯಾದರೂ ನಡುವೆ ಬಾಯಿ ಹಾಕುವುದಿಲ್ಲ.

ನಮ್ಮ ಮದುವೆಯಾಗಿ ಹದಿನಾಲ್ಕು ವರ್ಷ. ಅವಳ ಒಂದು ವಾಕ್ಯವನ್ನೂ ಮುಗಿಯಲು ಬಿಟ್ಟವನಲ್ಲ ನಾನು. (ಕೊನೆಗೆ ಏನು ಬರುತ್ತದೆಂದು ಗೊತ್ತಿರುವಾಗ ಕಾಯುವುದೇಕೆ?) ನನಗೆ ಕನ್ನಡಕವೂ ಇಲ್ಲ. ಹಾಗಾದರೆ ಇವನು ಯಾರು?

ಮುಂದೆ ಓದುವ ಶಕ್ತಿ ಉಳಿಯಲಿಲ್ಲ. ಯೋಚಿಸಲು ಕೂತೆ. ನಮ್ಮ ರಸ್ತೆಯ ತಿರುವಿನಲ್ಲೊಂದು ಕನ್ನಡಕದ ಅಂಗಡಿಯಿದೆ. ಅದರ ಕನ್ನಡಕಧಾರಿ ಮಾಲೀಕ ಗಿರಾಕಿಯ ಮೂಗಿನ ಮೇಲೆ ಫ್ರೇಮು ಕೂರಿಸಿ, “ಈಗ ಹೇಗೆ ಕಾಣ್ತಿದೆ ಮೇಡಂ? ನಿಧಾನವಾಗಿ ನೋಡಿ ಹೇಳಿ, ಆತುರವೇನಿಲ್ಲ” ಎನ್ನುತ್ತಾನೆ. ಆ ದನಿಯ ಮೃದುತ್ವಕ್ಕೆ ಕಣ್ಣು ಸರಿಯಿದ್ದವರಿಗೂ ಮಂಜಾಗಬೇಕು. ನನ್ನ ಹೆಂಡತಿ ಈ ವರ್ಷ ಅಲ್ಲಿಗೆ ಮೂರು ಸಲ ಹೋಗಿದ್ದಾಳೆ. ಫ್ರೇಮು ಕಿವಿಯ ಹಿಂದೆ ಒತ್ತುತ್ತದಂತೆ!

ಅಷ್ಟರಲ್ಲಿ ಅವಳೇ ಬಂದಳು. “ರೀ, ಪುಸ್ತಕಕ್ಕೊಂದು ಮುಖಪುಟ ಬೇಕಲ್ಲ. ಕನ್ನಡಕದ ಅಂಗಡಿಯವರು ಪೋಸ್ಟರ್ ಎಲ್ಲ ತಾವೇ ಮಾಡ್ಕೋತಾರೆ. ನಮಗೂ ಮಾಡಿಕೊಡ್ತೀನಿ ಅಂದ್ರು.”

“ಯಾಕೆ, ಮನೇಲಿ ನಾನು ಸತ್ತಿದೀನಾ?”

“ನಿಮಗೆ ಬರೋದು ಪೈಪಿನ ಚಿತ್ರ ಅಲ್ವೇನ್ರೀ?”

ನಿಜ. ಪೈಪು ತಯಾರಿಸುವ ಕಂಪನಿಯಲ್ಲಿ ನಕ್ಷೆ ಬರೆಯುವುದು ನನ್ನ ಉದ್ಯೋಗ. “ಪೈಪಾದ್ರೇನು, ಪ್ರೇಮವಾದ್ರೇನು? ಗೆರೆ ಗೆರೆಯೇ ಕಣೇ” ಎಂದೆ.

“ಸರಿ, ಮಾಡಿ. ಆದ್ರೆ ಪೂರ್ತಿ ಓದಿ ಮಾಡ್ಬೇಕು.”

“ಓದಾಯ್ತು.”

“ಕೊನೇ ತನಕ?”

“ಪೂರ್ಣವಿರಾಮ ಸಮೇತ!”

ನನ್ನ ಉಪಾಯ ಸರಳವಾಗಿತ್ತು. ಬೆಂಚಿನ ಮೇಲಿನ ಆ ಗಂಡಸಿಗೆ ನನ್ನ ಮುಖವನ್ನೇ ಅಂಟಿಸಿಬಿಟ್ಟರೆ, ಓದುಗರ ಮನಸ್ಸಿನಲ್ಲಾಗಲಿ ಹೆಂಡತಿಯ ಮನಸ್ಸಿನಲ್ಲಾಗಲಿ ಕನ್ನಡಕದವನಿಗೆ ಕಾಲಿಡಲು ಜಾಗವಿರುವುದಿಲ್ಲ.

ಶನಿವಾರ ಹನ್ನೊಂದು ವರ್ಷದ ಮಗಳ ಕೈಗೆ ಫೋನು ಕೊಟ್ಟು, ಅತ್ತೆಯವರು ಮರೆತು ಬಿಟ್ಟುಹೋಗಿದ್ದ ಕನ್ನಡಕ ಏರಿಸಿಕೊಂಡು ಕೂತೆ. ಅದರೊಳಗಿಂದ ಮಗಳು ಇಬ್ಬರಾಗಿ ಕಂಡಳು. ಇಬ್ಬರೂ ಸೇರಿ, “ಅಪ್ಪಾ, ಹೊಟ್ಟೆ ಒಳಗೆ ಎಳ್ಕೋ. ಇನ್ನೂ. ಇಷ್ಟೇನಾ?” ಎಂದು ಮಾನ ಕಳೆದರು. ಆಮೇಲೆ ಕಂಪ್ಯೂಟರಿನಲ್ಲಿ ನನ್ನನ್ನು ಸೋಫಾದಿಂದ ಕತ್ತರಿಸಿ ಬೆಂಚಿಗೆ ಸಾಗಿಸಿದೆ. ಎತ್ತರ ಸಾಲದೆಂದು ಚಿತ್ರವನ್ನು ಮೇಲಕ್ಕೆ ಎಳೆದೆ. ನಾನು ಆರಡಿಯಾದೆ, ಮುಖ ಸೋರೆಕಾಯಿಯಾಯಿತು. ಫೋನಿನಲ್ಲಿ ಮುಖಪುಟ ಉಗುರಿನಷ್ಟೇ ಕಾಣುವುದರಿಂದ ಪುಸ್ತಕದ ಹೆಸರನ್ನು ದಪ್ಪಕ್ಷರದಲ್ಲಿ ಬರೆದೆ. ಕೈ ಸುಮ್ಮನಿರದೆ ಬೆಂಚಿನ ಪಕ್ಕ ನಕ್ಷೆಯಲ್ಲಿ ಹಾಕುವಂತೆ ಉದ್ದಗಲದ ಅಳತೆಯ ಬಾಣಗಳನ್ನೂ ಹಾಕಿದ್ದೆ. ಮಗಳು ಗದರಿಸಿ ಅಳಿಸಿದಳು.

ಹೆಂಡತಿ ಅದನ್ನು ಬಹಳ ಹೊತ್ತು ನೋಡಿದಳು. ಕಣ್ಣು ಒದ್ದೆಯಾಗಿತ್ತು.

“ಪೂರ್ತಿ ಓದಿದೀರಿ ಅಂತ ನಾನು ನಂಬಿರ್ಲಿಲ್ಲ ರೀ. ಈ ಪಾತ್ರಕ್ಕೆ ನಿಮ್ಮ ಮುಖಾನೇ ಕೊಟ್ರಲ್ಲ! ಇಷ್ಟು ದೊಡ್ಡ ಮನಸ್ಸು ಯಾವ ಗಂಡಸಿಗಿರುತ್ತೆ?”

ನನಗೇನೂ ಅರ್ಥವಾಗಲಿಲ್ಲ. ಆದರೆ ಹೊಗಳಿಕೆಗೆ ಅರ್ಥ ಕೇಳುವ ಕೆಟ್ಟ ಚಟ ನನಗಿಲ್ಲ.

ಒಂದೇ ವಾರದಲ್ಲಿ ಆರುನೂರು ಜನ ಪುಸ್ತಕವನ್ನು ಡೌನ್‌ಲೋಡ್ ಮಾಡಿಕೊಂಡರು. ನಾನು ಎದೆಯುಬ್ಬಿಸಿಕೊಂಡು ಊಟದ ಬಿಡುವಿನಲ್ಲಿ ಓದುಗರ ಅಭಿಪ್ರಾಯಗಳನ್ನು ತೆರೆದೆ. ಮೊದಲನೆಯದೇ ಹೀಗಿತ್ತು: ‘ಮುಖಪುಟದಲ್ಲಿರುವವನನ್ನು ನೋಡಿದ ಕೂಡಲೇ ಪಕ್ಕಾ ಮೋಸಗಾರ ಅಂತ ಗೊತ್ತಾಯಿತು. ಆ ಕಳ್ಳನೋಟ ಎಲ್ಲಿ ಸಿಕ್ಕಿತೋ!’

ಊಟ ಬಿಟ್ಟು ನಾಲ್ಕನೇ ಅಧ್ಯಾಯದಿಂದ ಒಂದೇ ಉಸಿರಿಗೆ ಓದಿದೆ. ಬೆಂಚಿನ ಮಹಾನುಭಾವ ಹೀಗೇ ಏಳು ಹೆಂಗಸರ ಮಾತು ಕೇಳಿ ಏಳು ಮನೆ ಗುಡಿಸಿ ಗುಂಡಾಂತರ ಮಾಡಿದ ಕಳ್ಳ! ನಿಜವಾದ ನಾಯಕ ಬರುವುದು ಐದರಲ್ಲಿ. ಗಿಡ್ಡ. ಬಾಯಿಬಡುಕ. ಪೆನ್ಸಿಲಿನಿಂದ ಬೆನ್ನು ತುರಿಸಿಕೊಳ್ಳುವವನು. ನಾಯಕಿ ಆ ಮೋಸಗಾರನಿಗೆ ಮದುವೆಯ ಒಪ್ಪಿಗೆ ಕೊಡುವಷ್ಟರಲ್ಲಿ ಇವನು ನಡುವೆ ಬಾಯಿ ಹಾಕುತ್ತಾನೆ, ಅದರಿಂದಲೇ ಅವಳು ಉಳಿಯುತ್ತಾಳೆ. ‘ಅವನು ಸುಮ್ಮನಾದರೆ ನನಗೆ ಮನೆಯೇ ಖಾಲಿ’ ಎನ್ನುತ್ತಾಳೆ ಕೊನೆಯ ಪುಟದಲ್ಲಿ.

ಹದಿನಾಲ್ಕು ವರ್ಷಗಳಲ್ಲಿ ನನ್ನ ಬಗ್ಗೆ ಯಾರೂ ಹೇಳಿರದ ಮಾತು! ಹೋಗಿ ಹೋಗಿ ನಾನು ಕಳ್ಳನ ಜಾಗದಲ್ಲಿ ಕೂತಿದ್ದೆ. ಮುಖಪುಟ ಬದಲಿಸೋಣವೆಂದರೆ ಓದಿರಲಿಲ್ಲವೆಂದು ಒಪ್ಪಿಕೊಳ್ಳಬೇಕು. ನುಂಗಿಕೊಂಡು ಮನೆಗೆ ಬಂದೆ.

“ರೀ, ಎರಡನೇ ಭಾಗ ಬೇಕಂತೆ ಎಲ್ಲರಿಗೂ” ಎಂದಳು ಹೆಂಡತಿ. “ಈ ಸಲ ಮುಖಪುಟದಲ್ಲಿ ನಾಯಕನ್ನ ಹಾಕೋಣ.”

“ಹಾಕೋಣ!” ಎಂದು ಹಾರಿದೆ. “ನಾನೇ ಇದೀನಲ್ಲ! ಗಿಡ್ಡ, ಬಾಯಿಬಡುಕ...”

“ಅಯ್ಯೋ, ನಿಮ್ಮ ಮುಖ ನೋಡಿದ್ರೆ ಜನ ಕಳ್ಳ ಅಂತಾರಲ್ರೀ ಈಗ. ಅದಕ್ಕೇ ಕನ್ನಡಕದ ಅಂಗಡಿಯವರನ್ನ ಕೇಳಿದೆ. ಒಪ್ಕೊಂಡ್ರು, ಪಾಪ. ಚಿತ್ರ ಮಾತ್ರ ನೀವೇ ಮಾಡಿ. ಅಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತೆ?”

ನಿನ್ನೆ ಭಾನುವಾರ ಅವನು ಬಂದ. ಕನ್ನಡಕ ತೆಗೆದಿಟ್ಟು ನನ್ನ ಸೋಫಾದ ಮೇಲೆ, ನನ್ನ ಜಾಗದಲ್ಲೇ ಕೂತ. “ಸಾರ್, ಪಾತ್ರದೊಳಗೆ ಇಳೀಬೇಕಲ್ಲ, ಸ್ವಲ್ಪ ಮಾತಾಡ್ಲಾ?” ಎಂದು ಕೇಳಿ ಮುಕ್ಕಾಲು ಗಂಟೆ ಎಡೆಬಿಡದೆ ಮಾತಾಡಿದ. ನಾನು ಫೋನು ಹಿಡಿದು ಅವನ ಫೋಟೋ ತೆಗೆಯುತ್ತಾ ನಿಂತಿದ್ದೆ. ಎದುರಿಗೆ ನನ್ನ ಹೆಂಡತಿ ಗಲ್ಲಕ್ಕೆ ಕೈಯಿಟ್ಟು ಕೂತು, ಒಂದು ಸಲವೂ ನಡುವೆ ಬಾಯಿ ಹಾಕದೆ, ಎಲ್ಲವನ್ನೂ ಕೇಳಿದಳು.